ಕೊಕ್ಕರೆ ಕಂಡವರ್ಯಾರು?

ಗಿನ್ಕಾ: ಅರವತ್ತು ವರ್ಷದ ಗೆಳೆತನಕ್ಕೆ ಇದೇನೇ ನೀನು ಕೊಡೋ ಉಡುಗೊರೆ? ನನ್ನನ್ನ ಸುಳ್ಳಿ ಅಂತ ಬರೆದಿದ್ದೀಯ! ಅದೂ ಮಕ್ಕಳು ಓದೋ ಪುಸ್ತಕದಲ್ಲಿ!

ನೆವೆನಾ: ಮೊದಲು ಕೂತ್ಕೊ. ಕಾಫಿ ಆರಿಹೋಗುತ್ತೆ.

ಗಿನ್ಕಾ: ಆರಲಿ ಬಿಡು. ಮಾನ ಹೋದೋಳಿಗೆ ಕಾಫಿ ಬಿಸಿ ಇದ್ದರೇನು, ತಣ್ಣಗಿದ್ದರೇನು?

ಅವಳು ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಮೊಸರಿನ ಬಟ್ಟಲು ಒಂದು ಗೇಣು ಆಚೆ ಸರಿಯಿತು. ನಾನು ಪಡಸಾಲೆಯಲ್ಲಿ ಕೂತು ತಾಮ್ರದ ತಪ್ಪಲೆಗೆ ಕಲಾಯಿ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ. ನನ್ನ ಹೆಂಡತಿ ನೆವೆನಾ ಅಂಚೆ ಕೆಲಸದಿಂದ ನಿವೃತ್ತಳಾದ ಮೇಲೆ, ನಾಲ್ಕು ಚಳಿಗಾಲ ಒಲೆ ಪಕ್ಕ ಕೂತು ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ಒಂದು ಕಾದಂಬರಿ ಬರೆದಿದ್ದಾಳೆ. ಇಬ್ಬರು ಗೆಳತಿಯರು, ಒಂದು ಇಟ್ಟಿಗೆ ಸುಡುವ ಗೂಡು, ಒಂದು ಕೊಕ್ಕರೆ. ನಾಲ್ಕು ಗಂಟೆಯ ಬಸ್ಸಿನ ಚಾಲಕನ ಕೈಯಲ್ಲಿ ಆ ಕಟ್ಟು ಪ್ಲೊವ್ದಿವ್ ನಗರದ ಪ್ರಕಾಶಕರಿಗೆ ಹೋಗಬೇಕು. ಗಿನ್ಕಾ ಒಪ್ಪದೆ ಕಳಿಸುವುದಿಲ್ಲ ಎಂಬುದು ನೆವೆನಾಳ ಹಟ. ಆಗಲೇ ಮೂರು ಹೊಡೆದಿತ್ತು.

ನೆವೆನಾ: ನಿನ್ನನ್ನ ಎಲ್ಲಿ ಬರೆದಿದ್ದೀನಿ? ಆ ಹುಡುಗಿ ಹೆಸರು ಕಾಲೀನಾ.

ಗಿನ್ಕಾ: ಹೆಸರು ಬದಲಾಯಿಸಿದ್ರೆ ಕಾಲು ಬದಲಾಗುತ್ತಾ? ಕೆಂಪು ಕಾಲುಚೀಲ, ಎಡಮಂಡಿ ಮೇಲೆ ಹಸಿರು ತೇಪೆ! ಆ ತೇಪೆ ಹಾಕಿದ್ದು ನಮ್ಮಮ್ಮ. ಊರಲ್ಲಿ ಅಂಥದ್ದು ಇನ್ಯಾರಿಗಿತ್ತು ಹೇಳು?

ನೆವೆನಾ: ತೇಪೆ ನಿಂದು. ಸುಳ್ಳು ನಂದು.

ಗಿನ್ಕಾ: ಏನಂದೆ?

ನೆವೆನಾ: ಕಾಲುಚೀಲ ಚೆನ್ನಾಗಿತ್ತು ಅಂತ ನಿಂದು ತಗೊಂಡೆ. ಆದ್ರೆ ಕೊಕ್ಕರೆ ಕಾಣದೇನೇ ಕಂಡೆ ಅಂತ ಹೇಳಿ, ದಾರ ಬಿಚ್ಚಿ, ಶಾಲೆ ಹಿಂದಿನ ಸೇಬಿನ ಮರಕ್ಕೆ ಕಟ್ಟಿದ್ದು ನಾನು ಕಣೆ. ಕಾಲೀನಾ ಅಂದ್ರೆ ನಾನು.

ಮಾರ್ಚ್ ಒಂದರಂದು ಕಟ್ಟಿಕೊಂಡ ಕೆಂಪು-ಬಿಳಿ ಉಣ್ಣೆ ದಾರ ಈಗಲೂ ಇಬ್ಬರ ಮುಂಗೈಯಲ್ಲೂ ಇತ್ತು. ವರ್ಷದ ಮೊದಲ ಕೊಕ್ಕರೆ ಕಣ್ಣಿಗೆ ಬೀಳುವ ತನಕ ಅದನ್ನು ಬಿಚ್ಚುವವರು ನಮ್ಮಲ್ಲಿಲ್ಲ. ಕಂಡ ಮೇಲೆ ಬಿಚ್ಚಿ ಮರಕ್ಕೆ ಕಟ್ಟುತ್ತೇವೆ; ಮೊದಲೇ ಬಿಚ್ಚಿದವರಿಗೆ ವರ್ಷವೆಲ್ಲ ಕೇಡು. ಮಕ್ಕಳ ಲೆಕ್ಕದಲ್ಲಂತೂ ಅದು ಕಳ್ಳತನಕ್ಕಿಂತ ಕೀಳು.

ಗಿನ್ಕಾ: ತಡಿ, ತಡಿ. ಕಾಲೀನಾ ನೀನಾದ್ರೆ ನಾನ್ಯಾರು?

ನೆವೆನಾ: ಇನ್ನೊಬ್ಬ ಗೆಳತಿ, ರಾಯಾ.

ಗಿನ್ಕಾ ಕೂತೇ ಬಿಟ್ಟಳು. ಜಗಳ ಮುಗಿಯಿತು ಎಂದು ನಾನು ತಪ್ಪಲೆ ಮಗುಚಿದೆ. ಅವಳು ಕೂತಿದ್ದು ಬರೀ ಉಸಿರು ತೆಗೆದುಕೊಳ್ಳಲು.

ಗಿನ್ಕಾ: ರಾಯಾ! ಆ ಉಪ್ಪಿಲ್ಲದ ಸೂಪು ನಾನಾ? ಎರಡು ಜಡೆ ಹಾಕ್ಕೊಂಡು, ಪಾಠ ಬರ್ಕೊಂಡು, ಕಂಡಕಂಡವರಿಗೆಲ್ಲ ನಮಸ್ಕಾರ ಮಾಡ್ಕೊಂಡು ಓಡಾಡೋ ಆ ಹುಡುಗಿ? ಅವಳು ಬಂದಾಗಲೆಲ್ಲ ನಾನು ನಾಲ್ಕು ನಾಲ್ಕು ಹಾಳೆ ಮಗುಚಿಬಿಟ್ಟೆ ಕಣೆ!

ನೆವೆನಾ: ಒಳ್ಳೆ ಹುಡುಗಿ ಅವಳು.

ಗಿನ್ಕಾ: ಅದೇ ಅವಳ ಕಾಯಿಲೆ. ನನ್ನ ಮೊಮ್ಮಗಳು ಓದಿ ಏನಂದ್ಲು ಗೊತ್ತಾ? "ಅಜ್ಜಿ, ಈ ರಾಯಾ ಯಾವಾಗ ಬಾವಿಗೆ ಬೀಳ್ತಾಳೆ?" ಅಂದ್ಲು.

ನೆವೆನಾ: ಈಗ ತಾನೇ ಸುಳ್ಳಿ ಮಾಡಿದೆ ಅಂತ ಕೂಗಾಡಿದೆ. ಈಗ ಒಳ್ಳೆಯವಳನ್ನ ಮಾಡಿದೆ ಅಂತ ಕೂಗಾಡ್ತಿದ್ದೀಯ. ನಿನಗೇನು ಬೇಕು ಅದನ್ನಾದ್ರೂ ಹೇಳು.

ಗಿನ್ಕಾ: ಕಾಲೀನಾ ಬೇಕು! ಅವಳು ಗೋಡೆ ಹಾರ್ತಾಳೆ, ಮೇಷ್ಟ್ರ ಟೋಪೀಲಿ ಗೋಲಿ ಬಚ್ಚಿಡ್ತಾಳೆ. ಅದೆಲ್ಲ ಮಾಡಿದ್ದು ನಾನು. ನನ್ನ ಕಾಲುಚೀಲ ಕದ್ದು, ನನ್ನ ಗೋಲಿ ಕದ್ದು, ನನಗೆ ಎರಡು ಜಡೆ ಬಿಟ್ಟಿದ್ದೀಯ!

ನೆವೆನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳ ದನಿ ಸಣ್ಣಗಾಯಿತು.

ನೆವೆನಾ: ಗಿನ್ಕಾ, ಅವತ್ತು ನಾನು ಸುಳ್ಳು ಹೇಳಿ ಇಡೀ ತರಗತಿ ಎದುರು ಒಬ್ಬಳೇ ನಿಂತಿದ್ದೆ. ನೀನು ನಿಜವಾಗ್ಲೂ ಕೊಕ್ಕರೆ ಕಂಡಿದ್ದೆ. ಎದ್ದು ನಿಂತು "ನಾನೂ ಕಂಡೆ" ಅಂದೆ. ನಿನ್ನ ನಿಜದ ನೆರಳಲ್ಲಿ ನನ್ನ ಸುಳ್ಳು ಅಡಗಿಕೊಳ್ತು. ಅದನ್ನ ನಿನಗೆ ಹೇಳೋಕೆ ಅರವತ್ತು ವರ್ಷ ಬಾಯಿ ಬರ್ಲಿಲ್ಲ. ಅದಕ್ಕೇ ಪುಸ್ತಕ ಬರೆದೆ.

ಗಿನ್ಕಾ ಕಾಫಿಗೆ ಸಕ್ಕರೆ ಹಾಕಿದಳು. ಮತ್ತೊಂದು ಚಮಚ ಹಾಕಿದಳು. ಮೂರನೆಯದನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡಳು.

ಗಿನ್ಕಾ: ಕೊಕ್ಕರೆನಾ? ನಾನಾ? ಯಾವಾಗ ಕಂಡೆ?

ನೆವೆನಾ: ನೀನೇ ಹೇಳಿದ್ದಲ್ಲ! ಇಟ್ಟಿಗೆ ಗೂಡಿನ ಚಿಮಣಿ ಮೇಲೆ, ಒಂಟಿ ಕಾಲಲ್ಲಿ!

ಗಿನ್ಕಾ: ಅಯ್ಯೋ ಪೆದ್ದಿ! ನನಗೆ ಕರಿಹಲಗೆ ಮೇಲಿನ ಅಕ್ಷರವೇ ಕಾಣ್ತಿರ್ಲಿಲ್ಲ. ಮರುವರ್ಷ ತಾನೇ ಕನ್ನಡಕ ಹಾಕಿಸಿದ್ದು? ಚಿಮಣೀನೇ ಕಾಣದವಳಿಗೆ ಅದರ ಮೇಲಿನ ಕೊಕ್ಕರೆ ಎಲ್ಲಿಂದ ಕಾಣ್ಬೇಕು? ನೀನು ಕಂಡಿದ್ದೀಯ ಅಂತ ನಂಬಿ ಎದ್ದು ನಿಂತೆ.

ನೆವೆನಾ: ಹಾಗಾದ್ರೆ ನೀನೂ...

ಗಿನ್ಕಾ: ಅಪ್ಪಟ ಸುಳ್ಳು. ಒಂಟಿ ಕಾಲು ನಾನೇ ಸೇರಿಸಿದ್ದು, ಮೇಷ್ಟ್ರು ನಂಬ್ಲಿ ಅಂತ.

ನೆವೆನಾ: ನಾಲ್ಕು ಚಳಿಗಾಲ, ಗಿನ್ಕಾ! ನಾಲ್ಕು ಚಳಿಗಾಲ ನಿನ್ನ ಸತ್ಯವನ್ನ ಹೊಗಳಿ ಬರೆದಿದ್ದೀನಿ!

ಗಿನ್ಕಾ: ಹೊಡೆದು ಹಾಕು. ನಿಂದು ತರಗತಿಗೆಲ್ಲ ಮೊದಲು ದಾರ ಬಿಚ್ಚೋ ಆಸೆಗೆ ಹೇಳಿದ ಪುಡಿ ಸುಳ್ಳು. ನಂದು ಗೆಳತಿಗೋಸ್ಕರ ಹೇಳಿದ ಸುಳ್ಳು. ದೊಡ್ಡ ಸುಳ್ಳಿಗೆ ಜಾಸ್ತಿ ಅಧ್ಯಾಯ ಬರ್ಬೇಕು.

ನೆವೆನಾ: ಮೊದಲು ಹೇಳಿದವಳು ನಾನು. ನಾನು ಹೇಳದಿದ್ರೆ ನಿನ್ನದು ಹುಟ್ತಾನೇ ಇರ್ಲಿಲ್ಲ!

ನನಗೆ ನಗು ತಡೆಯಲಿಲ್ಲ. ಕೈಯಲ್ಲಿದ್ದ ಇಕ್ಕಳ ತಪ್ಪಲೆಗೆ ಬಿದ್ದು ಠಣ್ ಎಂದಿತು. ಇಬ್ಬರೂ ಒಟ್ಟಿಗೆ ತಿರುಗಿದರು.

ಗಿನ್ಕಾ: ಹಲ್ಲು ಕಿರೀತಿದ್ದಾನೆ ನೋಡು! ಗೂಡಿನ ಪಕ್ಕದ ಮನೆಯವನು ಅಂತ ಮೇಷ್ಟ್ರು ಇವನನ್ನ ಕೇಳಿದ್ರೆ, ಎದೆ ಸೆಟೆಸ್ಕೊಂಡು "ಚಿಮಣಿ ಮೇಲೆ ಏನೂ ಇಲ್ಲ ಮೇಷ್ಟ್ರೇ" ಅಂದಿದ್ದ. ಒಂದು ವಾರ ನಾವಿಬ್ಬರೂ ತರಗತಿ ಗುಡಿಸಿದ್ವಿ.

ನೆವೆನಾ: ಅವನನ್ನ ಬೈಬೇಡ. ಅವನು ನೋಡೋ ಹೊತ್ತಿಗೆ ನಿನ್ನ ಕೊಕ್ಕರೆ ಹಾರಿಹೋಗಿತ್ತು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಅವತ್ತು ನಿಜ ಹೇಳಿದವನು ಅವನೊಬ್ಬನೇ. ಅದಕ್ಕೇ ಮದುವೆ ಆಗಿದ್ದು. ನನ್ನಂಥ ಸುಳ್ಳಿ ಮನೇಲಿ ಒಬ್ಬನಾದ್ರೂ ಸತ್ಯವಂತ ಇರ್ಲಿ ಅಂತ. ಏಳನೇ ಅಧ್ಯಾಯದಲ್ಲಿ "ತೊಳೆದ ಗಾಜಿನಂಥ ಹುಡುಗ" ಅಂತ ಬರೆದಿದ್ದೀನಿ.

ನಾನು ಬಾಯಿ ಮುಚ್ಚಿಕೊಂಡು ಕಲಾಯಿ ಉಜ್ಜಬಹುದಿತ್ತು. ನಮ್ಮೂರ ವಾಚನಾಲಯದ ಮೂರು ಕಪಾಟು ಯಾರ ಸಹಾಯವೂ ಇಲ್ಲದೆ ಓದಿ ಮುಗಿಸಿದವನಿಗೆ ಅಷ್ಟು ತಿಳಿವಳಿಕೆ ಇರಬೇಕಿತ್ತು. ಆದರೆ ಆ ತೊಳೆದ ಗಾಜು ಗಂಟಲಲ್ಲಿ ಸಿಕ್ಕಿಕೊಂಡಿತು.

ನಾನು: ಕೊಕ್ಕರೆ ಇತ್ತು.

ಗಿನ್ಕಾ: ಏನಿತ್ತು?

ನಾನು: ಕೊಕ್ಕರೆ. ಅವತ್ತು ಬೆಳಿಗ್ಗೆ ಚಿಮಣಿ ಮೇಲೆ. ಎರಡು ಕಾಲಲ್ಲಿ ನಿಂತಿತ್ತು. ನಾನು ಕಣ್ಣಾರೆ ನೋಡಿದ್ದೆ.

ಒಲೆಯ ಮೇಲಿನ ಕೆಟಲು ಕುದ್ದು ಕುದ್ದು ಮುಚ್ಚಳ ಎಗರಿಸುತ್ತಿತ್ತು. ಯಾರೂ ಏಳಲಿಲ್ಲ.

ನೆವೆನಾ: ಮತ್ತೆ ಇಲ್ಲ ಅಂತ ಯಾಕೋ ಅಂದೆ, ತೊಷೋ?

ನಾನು: ನೀವಿಬ್ಬರೂ ದಾರ ಸೇರಿಸಿ ಹೊಸೀತಿದ್ರಿ. ಜನ್ಮದ ಗೆಳೆತನಕ್ಕೆ ಅಂತ. ನಂದೂ ಸೇರಿಸ್ಕೊಳ್ಳಿ ಅಂತ ಕೇಳಿದೆ. ಗಿನ್ಕಾ "ನಿನ್ನ ದಾರ ಆಡಿನ ವಾಸನೆ, ಹೋಗೋ" ಅಂದ್ಲು. ನೀನು ನಕ್ಕೆ.

ಗಿನ್ಕಾ: ನಿಜಕ್ಕೂ ವಾಸನೆ ಇತ್ತು!

ನಾನು: ಇತ್ತು. ಆದ್ರೆ ಕೊಕ್ಕರೆನೂ ಇತ್ತು.

ನೆವೆನಾ: ಅಂದ್ರೆ ನಾನು ಹೇಳಿದ್ದು ನಿಜ. ಗಿನ್ಕಾ ಹೇಳಿದ್ದೂ ನಿಜ. ಸುಳ್ಳು ಹೇಳಿದವನು ಈ ನನ್ನ ಸತ್ಯವಂತ!

ಗಿನ್ಕಾ: ಇವನ ಕೈಗೆ ಅಲ್ಲವೇನೇ ನಿನ್ನನ್ನ ಕೊಟ್ಟಿದ್ದು! ಮದುವೇಲಿ ನಾನು ಕುಣಿದಿದ್ದೆ ಕಣೆ, ಹಿಮ್ಮಡಿ ಮುರಿಯೋ ಹಾಗೆ!

ಸರಿಯಾಗಿ ಅದೇ ಹೊತ್ತಿಗೆ ಕಿಟಕಿಯಾಚೆ, ಗೂಡಿನ ಹಳೇ ಚಿಮಣಿಯ ಮೇಲೆ, ಉದ್ದ ರೆಕ್ಕೆ ಬಿಚ್ಚಿ ಈ ವರ್ಷದ ಮೊದಲ ಕೊಕ್ಕರೆ ಇಳಿಯಿತು.

ನಾನು: ನೋಡ್ರೇ ಅಲ್ಲಿ! ಕೊಕ್ಕರೆ ಬಂತು!

ಇಬ್ಬರೂ ಕತ್ತು ತಿರುಗಿಸಲಿಲ್ಲ.

ಗಿನ್ಕಾ: ಶುರು ಮಾಡಿದ ಮತ್ತೆ.

ನಾನು: ದೇವರಾಣೆ!

ನೆವೆನಾ: ಬಾಯಿ ಮುಚ್ಕೊಂಡು ಕೂತ್ಕೊ. ಗಿನ್ಕಾ, ಪೆನ್ಸಿಲ್ ಕೊಡು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ರಾಯಾಗೆ ಗೋಲಿ ಕೊಡ್ತೀನಿ, ಗೋಡೆ ಹಾರಿಸ್ತೀನಿ. ಒಪ್ಪಿಗೆನಾ?

ಗಿನ್ಕಾ: ಜಡೆ ಕತ್ತರಿಸು. ತೇಪೆ ವಾಪಸ್ ಕೊಡು. ಏಳನೇ ಅಧ್ಯಾಯ ನಾನು ಹೇಳ್ತೀನಿ, ನೀನು ಬರಿ. "ಗಾಜಿನಂಥ ಹುಡುಗ" ಹೊಡಿ. "ಆಡಿನಂಥ ಹುಡುಗ" ಅಂತ ಹಾಕು.

ಇಬ್ಬರೂ ತಲೆಗೆ ತಲೆ ತಾಗಿಸಿ ಹಾಳೆಯ ಮೇಲೆ ಬಗ್ಗಿದರು, ಅರವತ್ತು ವರ್ಷದ ಹಿಂದೆ ದಾರ ಹೊಸೆಯುವಾಗ ಬಗ್ಗಿದ ಹಾಗೆಯೇ. ನಾನು ಅವತ್ತಿನ ಹಾಗೆಯೇ ಆಚೆ ನಿಂತಿದ್ದೆ.

ನಾನು: ಆಯ್ತು, ತಪ್ಪಾಯ್ತು. ಕೊನೇ ಅಧ್ಯಾಯದ ಹೊತ್ತಿಗಾದ್ರೂ ಆ ಹುಡುಗ ಬುದ್ಧಿ ಕಲಿತು ದೊಡ್ಡವನಾಗ್ತಾನೆ ತಾನೇ?

ನೆವೆನಾ: ಆಗಲ್ಲ. ಇದು ಮಕ್ಕಳ ಕಾದಂಬರಿ. ಹನ್ನೆರಡನೇ ವಯಸ್ಸಿಗೇ ಮುಗಿದುಹೋಗುತ್ತೆ.

ಗಿನ್ಕಾ: ಅದಾದ ಮೇಲೂ ಅರವತ್ತು ವರ್ಷ ಕೊಟ್ಟು ನೋಡಿದ್ವಲ್ಲ, ನೆವೆನಾ. ಎಲ್ಲಾದ್ರೂ ಆದ್ನಾ?