ಎರಡು ಮಾಳಿಗೆಗಳ ನಡುವೆ ನನ್ನ ಕ್ಯಾಮೆರಾ

ಐವತ್ತು ದಾಟಿದ ಗಂಡಸಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇಲ್ಲವೇ ಒಂದು ಹವ್ಯಾಸ ಬರುತ್ತದೆ. ನನಗೆ ಎರಡೂ ಬಂದವು. ಮೊದಲನೆಯದಕ್ಕೆ ಗುಳಿಗೆ ಇದೆ. ಎರಡನೆಯದು ಕಟ್ಟಡಗಳ ಫೋಟೋ ತೆಗೆಯುವ ಹುಚ್ಚು, ಅದಕ್ಕೆ ಮದ್ದಿಲ್ಲ. ರವಿವಾರ ಬಂತೆಂದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಆಳಂದದ ಹಳೇ ಗುಡ್ಡದ ಸುತ್ತ ಅಲೆಯುತ್ತೇನೆ. ಗುಡ್ಡ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಕುಸಿದ ಕೋಟೆಯ ಮೇಲೆ ಜಾಲಿ ಬೆಳೆದ ದಿಬ್ಬ, ಅಷ್ಟೇ. ಆದರೆ ಅದರ ಬುಡದಲ್ಲಿ ಕಲ್ಲಿನ ವಾಡೆಗಳೂ ನೀಲಿ ಗಾಜಿನ ಹೊಸ ಮನೆಗಳೂ ಒಂದಕ್ಕೊಂದು ಆತು ನಿಂತಿವೆ. “ಮಂದಿ ಗ್ವಾಡಿ ನೋಡಾಕ ಹೊಂಟೀರಿ, ನಮ್ಮ ಗ್ವಾಡಿ ಸುಣ್ಣ ಉದುರಾಕತ್ತದ, ಅದು ಕಾಣಂಗಿಲ್ಲೇನ್ರಿ?” ಎನ್ನುತ್ತಾಳೆ ನನ್ನ ಹೆಂಡತಿ. ಉದುರುವ ಸುಣ್ಣದಲ್ಲಿ ಕಲೆ ಇಲ್ಲ ಎಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ಆ ಬುಡದ ಓಣಿಯಲ್ಲಿ ಒಂದೇ ಮನೆತನದ ಎರಡು ಮನೆಗಳಿವೆ. ಹಳೇ ವಾಡೆ ಹಿರಿಯ ಸೊಸೆ ನೀಲಮ್ಮನವರದು, ವಯಸ್ಸಾದ ಮಾವನವರೂ ಅಲ್ಲೇ ಇದ್ದಾರೆ. ಪಕ್ಕದ ಹೊಸ ಮನೆ ಕಿರಿಯ ಸೊಸೆ ಮಹಾದೇವಿಯವರದು. ಪಾಲಾಗುವಾಗ ಬೀಸುವ ಕಲ್ಲು ಯಾರಿಗೆ ಸೇರಬೇಕೆಂಬ ಜಗಳ ಹತ್ತಿ, ವಾರಗಿತ್ತಿಯರ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಆ ಕಲ್ಲಿನಲ್ಲಿ ಈಗ ಯಾರೂ ಬೀಸುವುದಿಲ್ಲ. ಇಬ್ಬರ ಜೋಳವೂ ಒಂದೇ ಗಿರಣಿಗೆ ಹೋಗುತ್ತದೆ. ನನ್ನ ತೊಂದರೆ ಏನೆಂದರೆ, ಹೊಸ ಮನೆ ಪೂರ್ತಿ ಕಾಣುವುದು ವಾಡೆಯ ಅಂಗಳದ ಕಟ್ಟೆಯಿಂದ. ವಾಡೆ ಪೂರ್ತಿ ಕಾಣುವುದು ಹೊಸ ಮನೆಯ ತಾರಸಿಯಿಂದ.

“ತಗೀರಿ ಸಾಹೇಬ್ರ, ಆದ್ರ ಆಕಿ ಮನಿ ಭಾಳ ಛಲೋ ಕಾಣಬಾರ್ದು ನೋಡ್ರಿ” ಎಂದು ನೀಲಮ್ಮ ಕಟ್ಟೆ ಬಿಟ್ಟುಕೊಟ್ಟರು. ಆಮೇಲೆ ಪಕ್ಕದ ತಾರಸಿ ಹತ್ತಿದೆ. ಮಹಾದೇವಿ ಚಹಾ ಕೊಟ್ಟು, “ಆಕಿ ಮಾಳಿಗಿ ಹ್ಯಾಂಗ ಬಂದದ, ತೋರಸ್ರಿ” ಎಂದರು. ನಾನು ಚಿತ್ರ ದೊಡ್ಡದು ಮಾಡಿ ತೋರಿಸಿದೆ. ಮಾಳಿಗೆಯ ಮಣ್ಣಿನ ಚಾವಣಿಯ ಒಂದು ಮೂಲೆ ತಗ್ಗಾಗಿ, ಉದ್ದಕ್ಕೆ ಬಾಯಿ ಬಿಟ್ಟಿತ್ತು. “ಎಂಥಾ ಚೆಂದ ಬಿರುಕು ನೋಡ್ರಿ!” ಎಂದೆ. ಮಹಾದೇವಿಯ ಮುಖ ಬಿಳಿಚಿತು.

“ನಿಮ್ಮ ಚೆಂದಕ್ಕ ಬೆಂಕಿ ಹಚ್ಚಲಿ! ಅದರ ಬುಡಕs ಅಕ್ಕ ಮಲಗ್ತಾಳ್ರಿ!”

ತಾರಸಿಯ ಅಂಚಿಗೆ ಓಡಿ ಕೂಗಿದರು: “ಅಕ್ಕಾ, ಆ ಖೋಲ್ಯಾಗ ಹೋಗಬ್ಯಾಡ! ಮಾಳಿಗಿ ಕುಸಿಯಾಕತ್ತದ!”

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ನೀಲಮ್ಮ ತಲೆಯೆತ್ತಿದರು. “ನನ್ನ ಮಾಳಿಗಿ ಮ್ಯಾಲ ನಿನ್ನ ಕಣ್ಣ್ಯಾಕ?”

“ಕಣ್ಣಲ್ಲ ಬೇ, ಫೋಟೋ!”

ಮಹಾದೇವಿ ಕ್ಯಾಮೆರಾ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದರು. ಅದರ ಪಟ್ಟಿ ನನ್ನ ಕೊರಳಲ್ಲೇ ಇದ್ದದ್ದರಿಂದ ನಾನೂ ಓಡಿದೆ. ಚಿತ್ರ ನೋಡಿದ ನೀಲಮ್ಮ ಮೊರ ಕೆಳಗಿಟ್ಟರು. “ರಾತ್ರಿ ಮಣ್ಣು ಉದುರಿತ್ತು. ಇಲಿ ಅಂತ ತಿಳದಿದ್ದೆ” ಎಂದರು. ಮಹಾದೇವಿ ಅವರ ಕೈ ಹಿಡಿದು, “ಮಾಳಿಗಿ ಸರಿ ಆಗೂತನಕ ನಮ್ಮ ಮನ್ಯಾಗಿರು, ಮಾವಾರ್ನೂ ಕರಕೊಂಡು ಬಾ. ಏಳು” ಎಂದರು.

“ಬರ್ತೇನಿ. ಆದ್ರ ಬೀಸೂ ಕಲ್ಲು ನಂದs.”

“ನಿಂದs ಇರ್ಲಿ, ಬಾ ಬೇ. ಸಾಹೇಬ್ರ, ಏನ್ ನೋಡಾಕತ್ತೀರಿ? ಹಾಸಿಗಿ ಎತ್ರಿ!”

ಮುಂದೆ ಮೇಸ್ತ್ರಿ ಬಂದು ಮುಟ್ಟಿದ್ದೇ ತಡ, ಗೆದ್ದಲು ತಿಂದ ತೊಲೆ ಹಿಟ್ಟಿನಂತೆ ಉದುರಿತು.

ವಾರಗಿತ್ತಿಯರು ಕೈಕೈ ಹಿಡಿದು ಒಂದೇ ಹೊಸ್ತಿಲು ದಾಟಿದ ಗಳಿಗೆಯ ಫೋಟೋ ನನ್ನಲ್ಲಿಲ್ಲ. ಆಗ ನನ್ನ ತಲೆಯ ಮೇಲೆ ಗಾದಿ ಇತ್ತು. ಆದರೆ ಮಹಾದೇವಿ ಹಿಂದಿರುಗಿ ನೋಡಿ, ನಗು ತಡೆಯಲಾರದೆ ಮೊಬೈಲಿನಲ್ಲಿ ನನ್ನದೊಂದು ಫೋಟೋ ತೆಗೆದರು. ಎಡಕ್ಕೆ ಕಲ್ಲಿನ ವಾಡೆ, ಬಲಕ್ಕೆ ನೀಲಿ ಗಾಜು, ಹಿಂದೆ ಗುಡ್ಡ. ಎಷ್ಟೋ ರವಿವಾರ ಹುಡುಕಿದರೂ ನನಗೆ ಸಿಗದ ಕೋನ. ನಡುವೆ ಗಾದಿ ಹೊತ್ತ ನಾನು. ಓಣಿಯವರೆಲ್ಲ ಅದನ್ನು ಬಹಳ ಮೆಚ್ಚಿಕೊಂಡಿದ್ದಾರೆ. ಈಗ ಆ ಕಡೆ ಯಾರಾದರೂ ಮನೆ ಬದಲಿಸುವಾಗ ನನ್ನನ್ನು ತಪ್ಪದೆ ಕರೆಯುತ್ತಾರೆ. ಕ್ಯಾಮೆರಾ ತರುವುದು ಬೇಡ ಎಂದೂ ಹೇಳುತ್ತಾರೆ.