ಮಗಳ ಗೋಸುಂಬೆಗೆ ದೃಷ್ಟಿ ತೆಗೆದದ್ದು

ಗೋಸುಂಬೆ ಎನ್ನುವುದನ್ನು ನಾನು ಬುದ್ಧಿ ಬಂದಾಗಿನಿಂದ ಬೈಗುಳವಾಗಿಯೇ ಬಳಸಿಕೊಂಡು ಬಂದವಳು. ನಮ್ಮವರ ಅಣ್ಣನಿಗೆ ಒಂದು ಸಲ, ಆಫೀಸಿನ ಮ್ಯಾನೇಜರಿಗೆ ಮನಸ್ಸಿನಲ್ಲೇ ಅನೇಕ ಸಲ, ಟಿವಿಯಲ್ಲಿ ಬರುವ, ನಾವು ಬಿಟ್ಟುಬಂದ ಮತ್ತು ಬಂದು ಸೇರಿದ ಎರಡೂ ದೇಶಗಳ ರಾಜಕಾರಣಿಗಳಿಗೆ ಲೆಕ್ಕವಿಲ್ಲದಷ್ಟು ಸಲ ಆ ಬಿರುದು ಕೊಟ್ಟಿದ್ದೇನೆ. ಈಗ ಅದನ್ನೆಲ್ಲ ವಾಪಸು ತೆಗೆದುಕೊಳ್ಳುತ್ತೇನೆ. ಗೋಸುಂಬೆಗೆ ಒಳಗೊಂದು ಹೊರಗೊಂದು ಎನ್ನುವುದೇ ಇಲ್ಲ. ನೀವು ಅದಕ್ಕೆ ಇಷ್ಟವಿಲ್ಲ ಅಂದರೆ ಇಷ್ಟವಿಲ್ಲ, ಮೈತುಂಬ ಬಳಿದುಕೊಂಡು ತೋರಿಸುತ್ತದೆ. ಎದುರಿಗೆ ನಕ್ಕು ಹಿಂದೆ ಮೂಗು ಮುರಿಯುವ ವಿದ್ಯೆ ನಮ್ಮದು, ಅದರದಲ್ಲ. ಒಂದೇ ಸೂರಿನ ಕೆಳಗೆ ವರ್ಷಗಟ್ಟಲೆ ಇದ್ದು, ದಿನಬೆಳಗಾದರೆ ಅದರಿಂದ ಬುಸ್ ಎನ್ನಿಸಿಕೊಂಡವಳು ಹೇಳುತ್ತಿದ್ದೇನೆ, ನಂಬಿ.

ಅದು ಬಂದದ್ದು ಕೊರೊನಾ ಕಾಲದಲ್ಲಿ, ಮಕ್ಕಳೆಲ್ಲ ಲ್ಯಾಪ್‌ಟಾಪಿನಲ್ಲೇ ಶಾಲೆ ಕಲಿಯುತ್ತಿದ್ದಾಗ. ಮಾರಿಸ್‌ವಿಲ್‌ನ ನಮ್ಮ ಬೀದಿಯಲ್ಲಿ ಪ್ರತಿ ಟೌನ್‌ಹೌಸಿಗೂ ಒಂದೊಂದು ನಾಯಿಮರಿ ಬಂತು. ನಮ್ಮ ಮಗಳು ಅನನ್ಯಳಿಗೆ ಮಾತ್ರ ತಲೆಯ ಮೇಲೆ ಟೋಪಿಯಂಥ ಕೊಂಬಿರುವ, ಒಂದು ಕಣ್ಣಲ್ಲಿ ನಮ್ಮನ್ನೂ ಇನ್ನೊಂದರಲ್ಲಿ ಗೋಡೆಯನ್ನೂ ನೋಡುವ ಈ ಮಹಾನುಭಾವ ಬೇಕಾಯಿತು. ಹೆಸರು ಪಿಕಲ್. ಮನೆಯಲ್ಲಿ ಬಾಟಲಿಗಟ್ಟಲೆ ಉಪ್ಪಿನಕಾಯಿ ಇದ್ದರೂ ಅವಳು ಇಷ್ಟಪಟ್ಟದ್ದು ಇದೊಂದನ್ನೇ. ಅವಳು ಕಾಲೇಜು ಮುಗಿಸಿ ವಾಷಿಂಗ್ಟನ್ನಿನಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿಯ ಬಿಲ್ಡಿಂಗಿನವರು ಪ್ರಾಣಿಗಳನ್ನು ಬಿಡುವುದಿಲ್ಲ ಎಂದರು. ನಾನು ಮುಖ ಚಿಕ್ಕದು ಮಾಡಿಕೊಂಡು, "ಪಾಪ, ಇಲ್ಲೇ ಇರ್ಲಿ ಬಿಡು ಪುಟ್ಟಾ, ನಾನು ನೋಡ್ಕೋತೀನಿ" ಎಂದೆ. ಒಳಗೊಳಗೇ ಆ ಬಿಲ್ಡಿಂಗಿನವರಿಗೆ ಕೈಮುಗಿದೆ. ಏಕೆಂದರೆ ಗೋಸುಂಬೆ ಇಲ್ಲಿದ್ದರೆ ಮಗಳು ಬರುತ್ತಾಳೆ. ಅದು ಇಲ್ಲದಿದ್ದರೆ ಥ್ಯಾಂಕ್ಸ್‌ಗಿವಿಂಗಿಗೊಮ್ಮೆ, ಅದೂ ಟ್ರಾಫಿಕ್ ಇಲ್ಲದಿದ್ದರೆ.

ನನ್ನ ಎಣಿಕೆ ತಪ್ಪಲಿಲ್ಲ. ವಾರ ಬಿಟ್ಟು ವಾರ ಶನಿವಾರ ಅವಳ ಕಾರು ಮನೆಮುಂದೆ ನಿಲ್ಲುತ್ತಿತ್ತು. ಒಳಗೆ ಬಂದವಳು ಶೂ ಕಳಚಿ, "ಹಾಯ್ ಅಮ್ಮಾ" ಎಂದು ಗಾಳಿಗೆ ಹೇಳಿ, ಸೀದಾ ಗೂಡಿನ ಮುಂದೆ ಕೂರುತ್ತಿದ್ದಳು. ಉಳಿದ ದಿನ ನೋಡಲು ಗೂಡಿಗೆ ಒಂದು ಪುಟ್ಟ ಕ್ಯಾಮರಾ ಬೇರೆ ಸಿಕ್ಕಿಸಿದ್ದಳು. ಹೊಸ ಸೀರೆ ಉಟ್ಟ ದಿನ ನಾನು ಎಲೆಗಳಿಗೆ ನೀರು ಚಿಮುಕಿಸುವ ನೆಪದಲ್ಲಿ ಆ ಕ್ಯಾಮರಾದ ಮುಂದೆ ಹಾಯ್ದುಹೋದದ್ದುಂಟು. ಒಮ್ಮೆ ಮೆಸೇಜ್ ಬಂತು. ಎದೆ ಹಿಗ್ಗಿ ತೆರೆದೆ. "ಅಮ್ಮಾ, ಯೂ ಆರ್ ಬ್ಲಾಕಿಂಗ್ ಹಿಮ್" ಎಂದಿತ್ತು.

ಇನ್ನು ಅದರ ಸ್ವಭಾವ. ಬಟ್ಟಲಲ್ಲಿ ಇಟ್ಟ ನೀರು ಅದಕ್ಕೆ ಆಗದು, ಎಲೆಯ ಮೇಲಿನ ಹನಿಯೇ ಆಗಬೇಕು. ಜೊತೆ ಬೇಡ, ಮಾತು ಬೇಡ, ಮುದ್ದಂತೂ ಬೇಡವೇ ಬೇಡ. ಮೇಲಿನಿಂದ ಕೈ ಹಾಕಬಾರದು, ಮೇಲಿನಿಂದ ಬಂದದ್ದೆಲ್ಲ ಅದರ ಪಾಲಿಗೆ ಹದ್ದು. ಹಿಡಿದು ಎಳೆಯಬಾರದು. ಮುಂದೆ, ಸ್ವಲ್ಪ ಕೆಳಗೆ, ಕೈ ಚಾಚಿ ಸುಮ್ಮನಿರಬೇಕಂತೆ. ಮನಸ್ಸಾದರೆ ತಾನೇ ಹತ್ತುತ್ತದೆ, ಆಗದಿದ್ದರೆ ಕೈ ಹಿಂದಕ್ಕೆ ತೆಗೆದುಕೊಂಡು ನಮ್ಮ ಪಾಡಿಗೆ ನಾವು ಹೋಗಬೇಕು. ಸುಮ್ಮನಿರುವುದು! ನಮ್ಮ ವಂಶದಲ್ಲಿ ಯಾರಿಗೆ ಬಂದಿದೆ ಅದು? ಪ್ರೀತಿಯೆಂದರೆ ನಾವು ಕೆನ್ನೆ ಹಿಂಡುವವರು, ಬೇಡ ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ತೂರಿಸುವವರು. ಅನನ್ಯ ಪ್ರತಿ ಸಲ ಹೊರಡುವಾಗಲೂ, "ಅಮ್ಮಾ, ನೋಡು, ಆದ್ರೆ ಮುಟ್ಟಬೇಡ. ಪ್ಲೀಸ್" ಎಂದು ಹೇಳಿಯೇ ಕಾರು ಹತ್ತುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆತ್ತು ಸಾಕಿದವಳಿಗೆ ಹಲ್ಲಿಯ ಜಾತಿಯದನ್ನು ಸಾಕುವ ಪಾಠ! ನಮ್ಮವರು ಪೇಪರಿನಿಂದ ತಲೆಯೆತ್ತದೆ, "ಅದು ಬರೀ ಹಲ್ಲಿ ಬಗ್ಗೆ ಹೇಳಿದ್ದಲ್ಲ ಕಣೇ" ಎನ್ನುತ್ತಿದ್ದರು. ಅವರಿಗೆ ಆ ದಿನ ತಂಗಳನ್ನವೇ ಗತಿ.

ಹೀಗೆಯೇ ನಡೆದುಹೋಗುತ್ತಿತ್ತು, ನವರಾತ್ರಿ ಬರದಿದ್ದರೆ. ನಾನು ಪ್ರತಿವರ್ಷ ಗೊಂಬೆ ಕೂರಿಸುತ್ತೇನೆ. ಹಾಲಿನಲ್ಲಿ ಬೇರೆ ಜಾಗವಿಲ್ಲದೆ ಪಿಕಲ್‌ನ ಗೂಡು ಗೊಂಬೆಗಳ ಮೆಟ್ಟಿಲಿಗೆ ಒತ್ತಿಕೊಂಡೇ ಇತ್ತು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಪಟ್ಟದ ಗೊಂಬೆಗೆ ಒಂದು ಕೈಮುಗಿದು ಎಲ್ಲರೂ ಗೂಡಿನ ಮುಂದೆಯೇ ಗುಂಪುಗೂಡಿದರು. ನಮ್ಮ ಗುಂಪಿಗೆಲ್ಲ ಹಿರಿಯರಾದ ಪದ್ಮಾ ಆಂಟಿ, "ಏನ್ರೀ ಇದು, ಗೊಂಬೆನೋ, ಜೀವ ಇದ್ಯೋ?" ಎಂದರು. ಜೀವ ಇದೆ ಎಂದೆ. "ಹಾಗಾದ್ರೆ ಒಂದ್ಸಲ ಕೈಗೆ ಕೊಡಿ, ನೋಡೋಣ."

ನೀವೇ ಹೇಳಿ. ಕುಂಕುಮಕ್ಕೆ ಬಂದ ಮುತ್ತೈದೆ ಕೈಚಾಚಿ ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ? ಮೇಲಿನಿಂದ ಕೈ ಹಾಕಿ ತೆಗೆದೆ. ಕೊಂಬೆಯನ್ನು ಬಿಗಿಯಾಗಿ ಹಿಡಿದಿದ್ದ ಕಾಲುಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟೆ. ನಾಮಕರಣದ ಕೂಸಿನ ಹಾಗೆ ಅದು ಮಡಿಲಿಂದ ಮಡಿಲಿಗೆ, ಬಳೆಯಿಂದ ಬಳೆಗೆ ಹೋಯಿತು. ಮೈ ಉಬ್ಬಿಸಿತು, ಬಾಯಿ ತೆರೆಯಿತು, ಹಳದಿ ಹಸಿರು ಪಟ್ಟೆಗಳು ಧಗಧಗ ಎಂದವು. "ಅಯ್ಯೋ, ನಮ್ಮನ್ನ ಕಂಡು ಎಷ್ಟು ಖುಷಿ ನೋಡ್ರೀ ಅದಕ್ಕೆ!" ಎಂದು ಚಪ್ಪಾಳೆ ತಟ್ಟಿದರು. ಆ ಬಣ್ಣ ಖುಷಿಯದಲ್ಲ, ಕೋಪದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನಮ್ಮ ಮನೆಯದನ್ನು ಜನ ಅಷ್ಟು ಹೊಗಳುವಾಗ ಬಾಯಿ ಬರಲಿಲ್ಲ. ಕೊಬ್ಬರಿ ಸಕ್ಕರೆ ಹಂಚಿದೆ.

ಮರುದಿನ ಅದು ಸೀದ ದೋಸೆಯ ಬಣ್ಣಕ್ಕೆ ತಿರುಗಿತ್ತು. ಹಾಡುಹಗಲೇ ಕಣ್ಣು ಮುಚ್ಚಿಕೊಂಡಿತ್ತು. ತಿನ್ನಲೆಂದು ಬಿಟ್ಟ ಕ್ರಿಕೆಟ್ ಹುಳುಗಳು ಅದರ ಮೂಗಿನ ಕೆಳಗೇ ಓಡಾಡಿದರೂ ನಾಲಿಗೆ ಚಾಚಲಿಲ್ಲ. ಇದಕ್ಕೇನಾದರೂ ಆದರೆ ನನ್ನ ಶನಿವಾರಗಳ ಕಥೆ ಮುಗಿಯಿತು! ಮಗಳಿಗೆ ಫೋನ್ ಮಾಡಬೇಕಿತ್ತು, ಡಾಕ್ಟರಿಗೆ ಮಾಡಬೇಕಿತ್ತು. ಆದರೆ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಇಲ್ಲಿ ಸಾಫ್ಟ್‌ವೇರ್ ಪರೀಕ್ಷಿಸಿ ಹೊಟ್ಟೆ ಹೊರೆಯುವ ನನ್ನ ತಲೆಗೆ ಹೊಳೆದದ್ದು ಒಂದೇ. ಅಷ್ಟೊಂದು ಹೆಂಗಸರು ಅಷ್ಟೊಂದು ಹೊಗಳಿದ ಮೇಲೆ ದೃಷ್ಟಿಯಾಗದೆ ಇನ್ನೇನಾದೀತು? ಉಪ್ಪು, ಒಣಮೆಣಸಿನಕಾಯಿ ಹಿಡಿದು ಗೂಡಿಗೆ ನಿವಾಳಿಸಿ, ಕಾದ ಹೆಂಚಿಗೆ ಸುರಿದೆ. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮಮ್ಮ ಹೇಳಿಕೊಟ್ಟ ಶಾಸ್ತ್ರ.

ಘಾಟು ಬಂತು. ಎಂಥ ಘಾಟು ಅಂತೀರಿ! ಅಡುಗೆಮನೆ, ಹಾಲ್, ಗೊಂಬೆಗಳು, ಗೂಡು ಎಲ್ಲ ಹೊಗೆಯಲ್ಲಿ ಮುಳುಗಿದವು. ಸ್ಮೋಕ್ ಅಲಾರಂ ಬಾಯಿ ಬಡಿದುಕೊಂಡಿತು. ನಮ್ಮವರು ಕೆಮ್ಮುತ್ತಾ ಬಾಗಿಲು ಕಿಟಕಿ ತೆರೆದು, ಗೂಡನ್ನು ಎತ್ತಿಕೊಂಡು ಹೊರಗೆ ಓಡಿದರು. ಅಷ್ಟರಲ್ಲಿ ಫೋನು. "ಅಮ್ಮಾ, ವಾಟ್ ಈಸ್ ದಟ್ ಸ್ಮೋಕ್? ಪಿಕಲ್ ಯಾಕೆ ಬ್ಲ್ಯಾಕ್ ಆಗಿದಾನೆ?" ಆ ಹಾಳು ಕ್ಯಾಮರಾ, ನಾನು ಸೀರೆ ಉಟ್ಟಾಗ ಕಾಣದ್ದು, ಈಗ ಎಲ್ಲ ಕಂಡಿತ್ತು.

ಸಂಜೆಯೊಳಗೆ ಮಗಳು ಬಂದಳು. ಶನಿವಾರವಲ್ಲದ ದಿನ ಬಂದಳಲ್ಲಾ ಎಂದು ನನಗೆ ಆ ಗಡಿಬಿಡಿಯಲ್ಲೂ ಸಂತೋಷವಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಬಿಸಿಬೇಳೆಭಾತ್ ಮಾಡಿಟ್ಟಿದ್ದೆ. ಅವಳು ಅತ್ತ ತಿರುಗಿಯೂ ನೋಡದೆ ಪಿಕಲ್‌ನನ್ನು ಡಾಕ್ಟರ ಹತ್ತಿರ ಒಯ್ದಳು. ಹೊಗೆ ಮತ್ತು ಗಾಬರಿ ಎರಡೂ ಸೇರಿ ಹೀಗಾಗಿದೆ, ಬದುಕಿಕೊಳ್ಳುತ್ತದೆ, ಅದರ ಪಾಡಿಗೆ ಅದನ್ನು ಬಿಡಿ ಎಂದರಂತೆ. ವಾಪಸು ಬಂದವಳೇ ಗೂಡಿನ ದೀಪ ಬಿಚ್ಚತೊಡಗಿದಳು.

"ಎಲ್ಲಿಗೆ ತಗೊಂಡ್ಹೋಗ್ತೀಯ? ನಿಮ್ಮ ಬಿಲ್ಡಿಂಗಲ್ಲಿ ಬಿಡಲ್ವಲ್ಲ?" ಎಂದೆ.

"ವಾಷಿಂಗ್ಟನ್ ಹತ್ತಿರ, ಆಲ್ಡಿಯಲ್ಲಿ ನನ್ನ ಫ್ರೆಂಡ್ ಮನೆ ಇದೆ. ಅವಳ ಮಾಮ್ ನೋಡ್ಕೋತಾರೆ."

"ಆಯಮ್ಮನಿಗೆ ಇದರ ವಿಷಯ ಏನು ಗೊತ್ತು?"

"ಏನೂ ಗೊತ್ತಿಲ್ಲ. ಬಟ್ ಶಿ ವೋಂಟ್ ಟಚ್ ಹಿಮ್."

ನನಗೆ ತಡೆಯಲಾಗಲಿಲ್ಲ. "ಇದು ಹೋದ್ರೆ ನೀನೂ ಬರಲ್ಲ, ನಂಗೊತ್ತು" ಎಂದುಬಿಟ್ಟೆ. ಅವಳು ವೈರ್ ಸುತ್ತುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಅಮ್ಮಾ, ಐ ಕಮ್ ಫಾರ್ ಯೂ ಟೂ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹೊಟ್ಟೆ ಉರಿದದ್ದು ಅದಕ್ಕೇ.

ಈಗ ಅವಳು ಶನಿವಾರ ಆಲ್ಡಿಗೆ ಹೋಗುತ್ತಾಳೆ, ಅವಳಿಗೆ ಅದು ಹತ್ತಿರ. ನನ್ನ ಪಾಲಿಗೆ ಉಳಿದದ್ದು ಫೋನು. ಊಟ ಆಯ್ತಾ ಎಂದರೆ "ಆಯ್ತು." ಕೆಲಸ ಹೇಗಿದೆ ಎಂದರೆ "ಫೈನ್." ನಿದ್ದೆ ಮಾಡ್ತಿದ್ದೀಯಾ ಎಂದರೆ "ಅಮ್ಮಾ, ಐ ಹ್ಯಾವ್ ಟು ಗೋ." ಮೊನ್ನೆ ಹಲ್ಲು ಕಚ್ಚಿಕೊಂಡು, "ಪಿಕಲ್ ಹೇಗಿದಾನೆ?" ಎಂದು ಕೇಳಿದೆ ನೋಡಿ, ಕಟ್ಟೆ ಒಡೆದ ಹಾಗೆ ಮಾತಾಡಿದಳು. ಚರ್ಮ ಕಳಚುತ್ತಿದ್ದಾನೆ, ಬಣ್ಣ ಬಂದಿದೆ, ಆ ಮಾಮ್ ತೋಳನ್ನು ತಾನಾಗಿಯೇ ಹತ್ತಿದ. ಸಂಕಟ ನುಂಗಿಕೊಂಡು "ಹೌದಾ, ಆಮೇಲೆ?" ಎನ್ನುತ್ತಾ ಹೋದೆ. ನಡುವೆ ಒಂದು ಸಲ ನಕ್ಕಳು ಕೂಡ.

ಫೋನಿಟ್ಟ ಮೇಲೆ ನಮ್ಮವರು ಕೇಳಿದರು, "ಇಷ್ಟು ಹೊತ್ತು ಮಾತಾಡಿದ್ಲಾ! ಹೇಗಿದಾಳಂತೆ?"

"ಅದನ್ನ ಕೇಳಿದ್ರೆ ಫೋನಿಟ್ಟುಬಿಡ್ತಿದ್ಲು" ಎಂದೆ. "ಪಿಕಲ್ ಚೆನ್ನಾಗಿದಾನಂತೆ."