‘ಇಲ್ಲ’ ಅನ್ನದ ವೆಬ್‌ಸೈಟು

ಬಾಗಲಕೋಟೆಯ ನವನಗರದಲ್ಲಿ ನೀಲಾಂಬಿಕಾ ಅವರ ಖಡಕ್ ರೊಟ್ಟಿ ಅಂದರೆ ಹೆಸರುವಾಸಿ. ಆದರೆ ಎದುರಿನ ಸಾಲಿನಲ್ಲಿ ಹೊಸ ರೊಟ್ಟಿ ಅಂಗಡಿ ಬಂದು, ಅದರ ವೆಬ್‌ಸೈಟು ನೋಡಿ ಗಿರಾಕಿಗಳು ಅತ್ತ ಸರಿಯತೊಡಗಿದಾಗ ಆಕೆಗೆ ದಿಗಿಲಾಯಿತು. ರೊಟ್ಟಿ ಬಡಿಯುವ ಐವರು ಹೆಣ್ಣುಮಕ್ಕಳ ಸಂಸಾರ ಆಕೆಯ ಒಲೆಯನ್ನೇ ನಂಬಿತ್ತು.

ಆಗಲೇ ಮೈದುನ ಚನವೀರಪ್ಪ, ಪಾಲಿಟೆಕ್ನಿಕ್ಕಿನ ಲ್ಯಾಬಿನಿಂದ ನಿವೃತ್ತನಾದವನು, ಬಿಸ್ಕಿಟ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದು ರೊಟ್ಟಿ ಬುಟ್ಟಿಗಳ ನಡುವೆ ಇಟ್ಟ.

"ವೈನಿ, ಇನ್ನ ನೀವು ಫೋನ್ ಹಿಡ್ಕೊಂಡು ಕೂಡೂದು ಬ್ಯಾಡ. ಫೋಟೋ, ವಿಳಾಸ, ದರ ಎಲ್ಲಾ ಸೈಟಿನ್ಯಾಗ ಹಾಕೇನಿ. ಗಿರಾಕಿ ಏನರ ಕೇಳಿದರ ಈ ಪೆಟಗೀನ ಉತ್ತರ ಕೊಡತೈತಿ."

"ತಪ್ಪು ಉತ್ತರ ಕೊಟ್ಟರ?"

"ವ್ಯಾಪಾರ ಕೆಡೂದು ಒಂದ ಶಬ್ದದಿಂದ. ‘ಇಲ್ಲ’ ಅನ್ನೂದು. ಆ ಶಬ್ದಾನ ಇದರ ತಲಿಯಿಂದ ತಗದೇನಿ."

ಕೆಲಸದ ಕಸ್ತೂರವ್ವ ತನ್ನ ಫೋನಿನಲ್ಲಿ, ನಾಳೆ ಐವತ್ತು ರೊಟ್ಟಿ ಸಿಗುತ್ತವೆಯೇ ಎಂದು ಕೇಳಿದಳು. "ಖಂಡಿತ ಸಿಗುತ್ತವೆ" ಎಂದಿತು ಪೆಟ್ಟಿಗೆ. ಎಲ್ಲರೂ ನಕ್ಕರು. ನೀಲಾಂಬಿಕಾ ಮಾತ್ರ ಎದ್ದು, ಹಿಟ್ಟು ಸಾಲುತ್ತದೆಯೇ ಎಂದು ಡಬ್ಬಿ ತೆರೆದು ನೋಡಿದಳು.

ಎರಡು ದಿನ ರೊಟ್ಟಿ ಸಾಲದಷ್ಟು ಗಿರಾಕಿ ಬಂದರು. ಮೂರನೆಯ ದಿನ ಬೆಳಿಗ್ಗೆ ವಯಸ್ಸಾದ ಹೆಣ್ಣುಮಗಳೊಬ್ಬಳು ಖಾಲಿ ಬುಟ್ಟಿ ಹಿಡಿದು ಬಂದಳು.

"ಮುನ್ನೂರು ಹೋಳಿಗಿ ರೆಡಿ ಅದಾವೇನ್ರಿ? ಮೊಮ್ಮಗಳನ್ನ ತೊಟ್ಟಲಕ್ಕ ಹಾಕೂ ಕಾರ್ಯ ಐತಿ. ಒಂದು ಗಂಟೆಕ್ಕ ಮಂದಿ ಊಟಕ್ಕ ಕೂಡತಾರ."

"ನಾವು ಹೋಳಿಗಿ ಮಾಡೂದಿಲ್ಲವ್ವ."

"ಸೈಟಿನ್ಯಾಗ ಮಾಡ್ತೀವಿ ಅಂದೀರಿ!" ಆಕೆಯ ಕಣ್ಣು ತುಂಬಿತು.

ನೀಲಾಂಬಿಕಾ ಬಾಯಿ ತೆರೆಯುವಷ್ಟರಲ್ಲಿ ಕೆಟ್ಟುಹೋದ ಮಿಕ್ಸರ್ ಹೊತ್ತು ಒಬ್ಬ ಬಂದ. ಅವನ ಬೆನ್ನಿಗೆ ರವಿಕೆ ಬಟ್ಟೆ ಹಿಡಿದವಳು, ಬ್ಯಾಂಡಿನವರಿಗಾಗಿ ಬಂದ ಮದುವೆ ಮನೆಯವರು, ಎಮ್ಮೆಗೆ ಮದ್ದು ಕೇಳುವ ಮುದುಕ. ಹತ್ತು ಗಂಟೆಗೆ ರಸ್ತೆ ತುಂಬ ಜನ. "ಮೋಸ" ಎಂಬ ಮಾತು ಹಿಂದಿನಿಂದ ಕೇಳಿಬಂತು. ಎದುರಿನ ಅಂಗಡಿಯವರು ಹೊರಗೆ ಬಂದು ನಿಂತು ನೋಡುತ್ತಿದ್ದರು.

"ಮದಲ ಅದನ್ನ ಬಂದ್ ಮಾಡೋ, ಚನವೀರ."

ಚನವೀರಪ್ಪ ಪೆಟ್ಟಿಗೆಯ ಮುಂದೆ ಬಾಗಿ, "ಬಂದ್ ಆಗ್ತಿ?" ಎಂದ.

"ಖಂಡಿತ ಆಗುತ್ತೇನೆ" ಎಂದಿತು ಪೆಟ್ಟಿಗೆ. ದೀಪ ಆರಲಿಲ್ಲ. ಅದೇ ಉಸಿರಿನಲ್ಲಿ ಇನ್ಯಾರಿಗೋ ನೀರಿನ ಟ್ಯಾಂಕು ತೊಳೆದುಕೊಡಲು ಒಪ್ಪಿತು. ವೈರು ಕಿತ್ತರೂ ನಡೆದೇ ಇತ್ತು.

"ಒಳಗ ಬ್ಯಾಟರಿ ಇಟ್ಟೇನಿ, ವೈನಿ," ಅಂದ ಆತ, ಮೆಲ್ಲಗೆ. "ನಾಕ ದಿನ ನಡೀತೈತಿ. ಬಿಚ್ಚಾಕ ಬರದಂಗ ಬೆಸದೇನಿ."

ನೀಲಾಂಬಿಕಾ ಅವನನ್ನು ಒಮ್ಮೆ ನೋಡಿದಳು, ಬೈಯಲು ಹೊತ್ತಿರಲಿಲ್ಲ. "ಕಸ್ತೂರವ್ವ, ರೊಟ್ಟಿ ನಿಲ್ಲಸು. ಕಡಲಿಬ್ಯಾಳಿ ಬೇಯಾಕ ಇಡು. ಕೂಸಿನ ತೊಟ್ಟಲದ ಊಟ ತಪ್ಪಬಾರದು." ಆಮೇಲೆ ಸೆರಗು ಬಿಗಿದುಕೊಂಡು ಮೆಟ್ಟಿಲಿಳಿದಳು. ಒಬ್ಬೊಬ್ಬರ ಮುಂದೆಯೂ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಕೈ ಮುಗಿದು ಹೇಳಿದಳು: "ಇಲ್ಲರಿ, ನಮ್ಮಿಂದ ಆಗೂದಿಲ್ಲ. ತಪ್ಪು ನಮ್ಮದ."

ಕೆಲವರು ಬೈದರು. ಕೆಲವರು ತಲೆ ಆಡಿಸಿ ಹೋದರು. ಎಮ್ಮೆಯ ಮುದುಕ ಮಾತ್ರ, ಬಂದದ್ದಂತೂ ಬಂದೆ ಎಂದು ಹತ್ತು ರೊಟ್ಟಿ ಕಟ್ಟಿಸಿಕೊಂಡ. ಹನ್ನೆರಡೂವರೆಗೆ ಮುನ್ನೂರು ಹೋಳಿಗೆ ಬಿಸಿಯಾಗಿಯೇ ಬುಟ್ಟಿ ಸೇರಿದವು. ಕಡೆಯ ನಲವತ್ತು ಒಂದಿಷ್ಟು ಕರಕಲಾಗಿದ್ದವು, ಆದರೆ ಅಜ್ಜಿ ಅದನ್ನು ನೋಡಲೇ ಇಲ್ಲ.

ರಸ್ತೆ ಖಾಲಿಯಾದ ಮೇಲೆ ಒಂದು ಜೀಪು ಬಂತು. ಇಳಿದವರು ಜಮಖಂಡಿಯ ಬೆಲ್ಲದ ವ್ಯಾಪಾರಿ.

"ಈ ಪೆಟಗಿ ಮಾರ್ತೀರೇನು ಅಂತ ಸೈಟಿನ್ಯಾಗ ಕೇಳಿದ್ದೆ. ಖಂಡಿತ ಅಂತು. ಇದನ್ನ ಮಾಡಿದವರನ್ನೂ ಕಳಸ್ತೀರೇನು ಅಂದೆ, ಆರು ತಿಂಗಳು ನಮ್ಮಲ್ಲೇ ಇರಲಿ ಅಂತ. ಅದಕ್ಕೂ ಖಂಡಿತ ಅಂತು."

ಚನವೀರಪ್ಪ ಅತ್ತಿಗೆಯ ಹಿಂದೆ ಸರಿದು ನಿಂತು ಪಿಸುಗುಟ್ಟಿದ: "ಇಲ್ಲ ಅನ್ರಿ, ವೈನಿ."

ನೀಲಾಂಬಿಕಾ ತಂಬಿಗೆ ಎತ್ತಿ ನೀರು ಕುಡಿದಳು.

"ಮುಂಜಾನಿಂದ ಇಲ್ಲ ಅಂದು ಅಂದು ನನ್ನ ಗಂಟಲ ಬಿದ್ದೈತಪಾ. ಇದೊಂದಕ್ಕ ಹೂಂ ಅಂದಬಿಡ್ತೀನಿ."